ಹೊಸ ಲ್ಯಾಪ್‌ಟಾಪ್‌ನ ಮೊದಲ ವಾರ: ದೋಷ ಯಾವುದು, ದೋಷವಲ್ಲದ್ದು ಯಾವುದು

ಹೊಸ ಲ್ಯಾಪ್‌ಟಾಪ್ ಬಂದ ಮೊದಲ ವಾರದಲ್ಲಿ ಎದುರಾಗುವ ತೊಂದರೆಗಳು ಮೂರು ಬಗೆಯವು. ಯಂತ್ರ ತನ್ನ ಆರಂಭದ ಕೆಲಸವನ್ನು ಇನ್ನೂ ಮುಗಿಸಿರುವುದಿಲ್ಲ. ಯಾವುದೋ ಸೆಟ್ಟಿಂಗ್ ನಮಗೆ ಬೇಕಾದ ಹಾಗೆ ಇರುವುದಿಲ್ಲ. ಇಲ್ಲವೇ ಒಳಗಿನ ಒಂದು ಭಾಗ ನಿಜವಾಗಿಯೂ ಕೆಟ್ಟಿರುತ್ತದೆ. ಮೇಲ್ನೋಟಕ್ಕೆ ಮೂರೂ ಒಂದೇ ಥರ ಕಾಣುತ್ತವೆ. ಚಾರ್ಜು ಶೇ. 80ಕ್ಕೆ ಬಂದು ನಿಂತುಬಿಟ್ಟರೆ ಅದು ಸೆಟ್ಟಿಂಗ್. ಶೇ. 40 ಇದ್ದಾಗಲೇ ಯಂತ್ರ ದಿಢೀರನೆ ಆರಿದರೆ ಅದು ದೋಷ. ಮೊದಲ ಎರಡನ್ನು ಮನೆಯಲ್ಲೇ ನಿಧಾನವಾಗಿ ಸರಿಮಾಡಿಕೊಳ್ಳಬಹುದು. ಮೂರನೆಯದಕ್ಕೆ ಮಾತ್ರ ಗಡುವು ಇರುತ್ತದೆ: ಯಂತ್ರವನ್ನೇ ಬದಲಾಯಿಸಿಕೊಡುವ ಅವಧಿ ಮುಗಿಯಿತೆಂದರೆ ಆಮೇಲೆ ಸಿಗುವುದು ರಿಪೇರಿ ಅಷ್ಟೇ. ಹಾಗಾಗಿ ಬಿಡಿಭಾಗದ ದೋಷವನ್ನು ಮೊದಲು ಬೇರ್ಪಡಿಸಿ ನೋಡುವುದು ಎಲ್ಲಕ್ಕಿಂತ ಮುಖ್ಯ.

ಕೆಳಗಿನ ವಿವರಗಳು ವಿಂಡೋಸ್ 11 ಇರುವ ಲ್ಯಾಪ್‌ಟಾಪ್‌ಗಳಿಗೆ. ಮೆನುಗಳ ಹೆಸರು ತಯಾರಕರಿಂದ ತಯಾರಕರಿಗೆ ಒಂದಿಷ್ಟು ಬದಲಾಗುತ್ತದೆ. ಏನೇ ಪರೀಕ್ಷೆ ಮಾಡಿದರೂ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಡ್ರೈವರ್ (ಒಂದೊಂದು ಬಿಡಿಭಾಗವನ್ನೂ ವಿಂಡೋಸ್ ನಡೆಸಲು ಬೇಕಾದ ತಂತ್ರಾಂಶ), ಅಪ್‌ಡೇಟ್, ಸೆಟ್ಟಿಂಗ್ ಮೂರನ್ನೂ ಒಟ್ಟಿಗೆ ಬದಲಾಯಿಸಿದರೆ ತೊಂದರೆ ಹೋದರೂ ಯಾವುದರಿಂದ ಹೋಯಿತೆಂದು ತಿಳಿಯುವುದಿಲ್ಲ, ಮತ್ತೆ ಬಂದಾಗ ಮೊದಲಿನಿಂದ ಶುರುಮಾಡಬೇಕಾಗುತ್ತದೆ.

ವಿಂಡೋಸ್ ಹೊರಗೂ ದೋಷ ಕಾಣುತ್ತದೆಯೇ?

ಎಲ್ಲ ಪತ್ತೆಗೂ ಅಡಿಪಾಯವಾದ ಪ್ರಶ್ನೆ ಇದು. ಬಯೋಸ್ ಎಂದು ಕರೆಯುವ ಫರ್ಮ್‌ವೇರ್‌ನ (ಯಂತ್ರದೊಳಗೇ ಕೂರಿಸಿದ ಮೂಲ ತಂತ್ರಾಂಶ) ಪರದೆ ವಿಂಡೋಸ್‌ಗಿಂತ ಮೊದಲೇ ಏಳುತ್ತದೆ. ವಿಂಡೋಸ್‌ನ ಡ್ರೈವರ್‌ಗಳಿಗೂ ಅದಕ್ಕೂ ಸಂಬಂಧವಿಲ್ಲ. ಆ ಪರದೆಯಲ್ಲೂ ಗೆರೆಗಳು ಕಂಡರೆ, ಬೆಳಕು ಮಿಣುಕಿದರೆ, ಯಂತ್ರ ತಾನಾಗಿ ಆರಿದರೆ ವಿಂಡೋಸ್ ಮೇಲೆ ಅನುಮಾನಪಡುವ ಅಗತ್ಯವೇ ಇಲ್ಲ. ಅಲ್ಲಿ ಎಲ್ಲ ಸರಿಯಿದ್ದು ವಿಂಡೋಸ್‌ನಲ್ಲಿ ಮಾತ್ರ ತೊಂದರೆ ಎಂದಾದರೆ ಹೆಚ್ಚಿನ ಪಾಲು ಅದು ಡ್ರೈವರ್ ಇಲ್ಲವೇ ಸೆಟ್ಟಿಂಗ್.

ಒಳಹೋಗಲು ಪವರ್ ಬಟನ್ ಒತ್ತಿದ ಕೂಡಲೇ ಎಫ್2, ಡಿಲೀಟ್, ಎಫ್10 ಅಥವಾ ಎಸ್ಕೇಪ್ ಕೀಯನ್ನು ಪಟಪಟನೆ ತಟ್ಟುತ್ತಿರಬೇಕು, ಒತ್ತಿ ಹಿಡಿಯುವುದಲ್ಲ. ಯಾವ ಕೀ ಎಂಬುದು ತಯಾರಕರನ್ನು ಅವಲಂಬಿಸಿದೆ. ಕೀ ತಿಳಿಯದಿದ್ದರೆ ವಿಂಡೋಸ್‌ನಿಂದಲೇ ಹೋಗಬಹುದು: ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿ, ಅಡ್ವಾನ್ಸ್‌ಡ್ ಸ್ಟಾರ್ಟಪ್. ಮತ್ತೆ ಶುರುವಾದಾಗ ಬರುವ ನೀಲಿ ಮೆನುವಿನಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಷನ್ಸ್, ಯುಇಎಫ್‌ಐ ಫರ್ಮ್‌ವೇರ್ ಸೆಟ್ಟಿಂಗ್ಸ್.

ಅಲ್ಲಿ ಯಂತ್ರವನ್ನು 15-20 ನಿಮಿಷ ಹಾಗೇ ಬಿಟ್ಟು ಗಮನಿಸಿ. ಕೀಬೋರ್ಡ್‌ನ ಬಾಣದ ಕೀಗಳು, ಎಂಟರ್ ಓಡುತ್ತವೆಯೇ ನೋಡಿ. ರ‍್ಯಾಮ್ ಮತ್ತು ಎಸ್‌ಎಸ್‌ಡಿಯ ಗಾತ್ರ ಬಿಲ್‌ನಲ್ಲಿ ಇರುವಷ್ಟೇ ಇದೆಯೇ ನೋಡಿ. ಪೆಟ್ಟಿಗೆಯ ಮೇಲಿನ ಸೀರಿಯಲ್ ಸಂಖ್ಯೆ, ಯಂತ್ರದ ತಳದಲ್ಲಿರುವುದು, ಬಯೋಸ್ ತೋರಿಸುವುದು ಈ ಮೂರೂ ಒಂದೇ ಆಗಿರಬೇಕು. ಫ್ಯಾನ್ ಸದ್ದು ಮತ್ತು ಬಿಸಿಯನ್ನು ಮಾತ್ರ ಇಲ್ಲಿ ಅಳೆಯಬೇಡಿ. ವಿಂಡೋಸ್ ಮಾಡುವ ವಿದ್ಯುತ್ ಉಳಿತಾಯ ಬಯೋಸ್‌ನಲ್ಲಿ ಪೂರ್ತಿ ನಡೆಯುವುದಿಲ್ಲ, ಹಾಗಾಗಿ ಸುಮ್ಮನೆ ಕೂತಿದ್ದರೂ ಬೆಚ್ಚಗಾಗುತ್ತದೆ. ಹೊರಬರುವಾಗ ಬದಲಾವಣೆ ಉಳಿಸದೆ ಹೊರಬನ್ನಿ. ಸೆಕ್ಯೂರ್ ಬೂಟ್, ಟಿಪಿಎಂ ಎಂಬ ಎರಡು ಭದ್ರತಾ ಸಾಲುಗಳನ್ನು ಮುಟ್ಟಲೇಬೇಡಿ. ಕಾರಣ ಮುಂದೆ ಬರುತ್ತದೆ.

ಶಟ್‌ಡೌನ್ ಮಾಡಿದರೆ ಪೂರ್ತಿ ಆರುವುದಿಲ್ಲ

"ಆಫ್ ಮಾಡಿ ಆನ್ ಮಾಡಿ ನೋಡಿದೆ, ಹೋಗಲಿಲ್ಲ" ಎಂಬ ಮಾತಿನ ಹಿಂದೆ ಬಹುತೇಕ ಇದೇ ಇರುತ್ತದೆ. ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಚಾಲೂ ಇದ್ದರೆ ಶಟ್‌ಡೌನ್ ಮಾಡಿದಾಗ ಮುಚ್ಚಿಕೊಳ್ಳುವುದು ನಿಮ್ಮ ಪ್ರೋಗ್ರಾಮ್‌ಗಳು ಮಾತ್ರ. ವಿಂಡೋಸ್‌ನ ತಿರುಳಾದ ಕರ್ನೆಲ್ ಮತ್ತು ಡ್ರೈವರ್‌ಗಳ ಸ್ಥಿತಿಯನ್ನು ಡಿಸ್ಕ್‌ಗೆ ಬರೆದಿಟ್ಟು, ಮತ್ತೆ ಆನ್ ಮಾಡಿದಾಗ ಅದನ್ನೇ ಎತ್ತಿಕೊಳ್ಳುತ್ತದೆ. ಕೆಟ್ಟ ಸ್ಥಿತಿಯಲ್ಲಿದ್ದ ಡ್ರೈವರ್ ಅದೇ ಕೆಟ್ಟ ಸ್ಥಿತಿಯಲ್ಲಿ ಎದ್ದು ಬರುತ್ತದೆ.

ಇದನ್ನು ಕಣ್ಣಾರೆ ನೋಡಬಹುದು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ ಪರ್ಫಾರ್ಮೆನ್ಸ್ ಭಾಗದಲ್ಲಿ ಸಿಪಿಯು ಆರಿಸಿದರೆ ಕೆಳಗೆ ಅಪ್‌ಟೈಮ್ ಎಂದು ದಿನ, ಗಂಟೆ, ನಿಮಿಷ, ಸೆಕೆಂಡುಗಳ ಲೆಕ್ಕ ಓಡುತ್ತಿರುತ್ತದೆ. ಪ್ರತಿ ರಾತ್ರಿ ಶಟ್‌ಡೌನ್ ಮಾಡಿದ ಯಂತ್ರದಲ್ಲೂ ಅಲ್ಲಿ ನಾಲ್ಕೈದು ದಿನ ಎಂದು ಕಾಣಬಹುದು. ರೀಸ್ಟಾರ್ಟ್ ಮಾಡಿದರೆ ಮಾತ್ರ ಲೆಕ್ಕ ಸೊನ್ನೆಯಿಂದ ಶುರುವಾಗುತ್ತದೆ. ಹಾಗಾಗಿ ದೋಷ ಹುಡುಕುವಾಗ ಯಾವಾಗಲೂ ರೀಸ್ಟಾರ್ಟ್ ಮಾಡಿ, ಅಥವಾ ಶಿಫ್ಟ್ ಕೀ ಹಿಡಿದುಕೊಂಡು ಶಟ್‌ಡೌನ್ ಒತ್ತಿ.

ಪವರ್ ಬಟನ್ ಒತ್ತಿದರೂ ಜೀವ ಬರದಿದ್ದರೆ

ಕಾರ್ಖಾನೆಯಿಂದ ಹೊರಡುವಾಗ ಹಲವು ಲ್ಯಾಪ್‌ಟಾಪ್‌ಗಳ ಬ್ಯಾಟರಿಯನ್ನು ಸಾಗಣೆ ಸ್ಥಿತಿಯಲ್ಲಿ ಇಟ್ಟಿರುತ್ತಾರೆ. ಚಾರ್ಜರ್ ಸಿಕ್ಕಿಸುವವರೆಗೆ ಬ್ಯಾಟರಿ ಹೊರಗೆ ವಿದ್ಯುತ್ ಕೊಡುವುದಿಲ್ಲ. ಪೆಟ್ಟಿಗೆಯಿಂದ ತೆಗೆದ ಕೂಡಲೇ ಬಟನ್ ಒತ್ತಿ "ಸತ್ತಿದೆ" ಎಂದುಕೊಳ್ಳುವುದು ಇದರಿಂದಲೇ. ಕ್ರಮ ಹೀಗಿರಲಿ:

1. ಪೆಟ್ಟಿಗೆಯಲ್ಲೇ ಬಂದ ಚಾರ್ಜರನ್ನು ನೇರ ಗೋಡೆಯ ಸಾಕೆಟ್‌ಗೆ ಹಾಕಿ. ಎಕ್ಸ್‌ಟೆನ್ಷನ್ ಬೋರ್ಡ್ ಬೇಡ. ಸಾಕೆಟ್‌ನಲ್ಲಿ ಕರೆಂಟ್ ಇದೆಯೇ ಎಂದು ಬೇರೊಂದು ಸಾಧನ ಹಾಕಿ ಖಚಿತಪಡಿಸಿಕೊಳ್ಳಿ.
2. ಚಾರ್ಜಿಂಗ್ ದೀಪ ಹೊತ್ತಿದೆಯೇ ನೋಡಿ. ಹೊತ್ತಿದರೂ ಅರ್ಧ ಗಂಟೆ ಬಿಟ್ಟು ಆಮೇಲೆ ಬಟನ್ ಒತ್ತಿ.
3. ಆಗಲೂ ಏಳದಿದ್ದರೆ ಚಾರ್ಜರ್ ಕಳಚಿ, ಸಿಕ್ಕಿಸಿದ ಮೌಸ್, ಪೆನ್‌ಡ್ರೈವ್ ಎಲ್ಲ ತೆಗೆದು, ಪವರ್ ಬಟನನ್ನು 30 ಸೆಕೆಂಡು ಒತ್ತಿ ಹಿಡಿಯಿರಿ. ವಿದ್ಯುತ್ ನಿರ್ವಹಿಸುವ ಒಳಗಿನ ಪುಟ್ಟ ಚಿಪ್ ಇದರಿಂದ ಹೊಸದಾಗಿ ಶುರುವಾಗುತ್ತದೆ. ಮತ್ತೆ ಚಾರ್ಜರ್ ಹಾಕಿ ಬಟನ್ ಒಮ್ಮೆ ಒತ್ತಿ.

ಟೈಪ್-ಸಿ ಚಾರ್ಜರ್ ಇರುವಲ್ಲಿ ಇನ್ನೂ ಮೂರು ತೊಡಕುಗಳಿವೆ. ಒಂದು, ಟೈಪ್-ಸಿ ಆಕಾರದ ಎಲ್ಲ ಪೋರ್ಟ್‌ಗಳೂ ಚಾರ್ಜ್ ತೆಗೆದುಕೊಳ್ಳುವುದಿಲ್ಲ. ಎರಡಿದ್ದರೆ ಎರಡರಲ್ಲೂ ಹಾಕಿ ನೋಡಿ. ಎರಡು, ಫೋನಿನ ಚಾರ್ಜರ್ ಸಾಲದು. ಚಾರ್ಜರ್ ಮೇಲಿನ ಸಣ್ಣ ಅಕ್ಷರಗಳಲ್ಲಿ ಔಟ್‌ಪುಟ್ ಸಾಲನ್ನು ಓದಿ: 20 ವೋಲ್ಟ್, 3.25 ಆಂಪಿಯರ್ ಎಂದಿದ್ದರೆ ಗುಣಿಸಿದಾಗ 65 ವ್ಯಾಟ್. ಅದೇ ಸಾಲಿನಲ್ಲಿ 9 ವೋಲ್ಟ್, 2 ಆಂಪಿಯರ್ ಎಂದಷ್ಟೇ ಇದ್ದರೆ ಅದು 18 ವ್ಯಾಟಿನ ಫೋನ್ ಚಾರ್ಜರ್. ಲ್ಯಾಪ್‌ಟಾಪ್ ಅದನ್ನು ನಿರಾಕರಿಸಬಹುದು, ಇಲ್ಲವೇ ನಿಧಾನ ಚಾರ್ಜರ್ ಎಂದು ಎಚ್ಚರಿಸುತ್ತದೆ. ಮೂರು, ಕೇಬಲ್. ಗುರುತು ಚಿಪ್ ಇಲ್ಲದ ಟೈಪ್-ಸಿ ಕೇಬಲ್ 3 ಆಂಪಿಯರ್‌ಗಿಂತ ಹೆಚ್ಚು ಸಾಗಿಸುವಂತಿಲ್ಲ, ಅಂದರೆ ಗರಿಷ್ಠ 60 ವ್ಯಾಟ್. 100 ವ್ಯಾಟಿನ ಚಾರ್ಜರ್‌ಗೆ ಇಂಥ ಕೇಬಲ್ ಹಾಕಿದರೆ ಭಾರೀ ಕೆಲಸದ ನಡುವೆ ಚಾರ್ಜ್ ಏರುವ ಬದಲು ಇಳಿಯುತ್ತಾ ಹೋಗಬಹುದು. ಯಂತ್ರದಲ್ಲಿ ತಪ್ಪೇನೂ ಇರುವುದಿಲ್ಲ.

ದೀಪ ಉರಿಯುತ್ತಿದೆ, ಪರದೆ ಕಪ್ಪು

ಮೊದಲು ಕ್ಯಾಪ್ಸ್ ಲಾಕ್ ಒತ್ತಿ. ಕೀಯ ಮೇಲಿನ ಪುಟ್ಟ ದೀಪ ಹೊತ್ತಿ ಆರಿದರೆ ಒಳಗೆ ಯಂತ್ರ ಎಚ್ಚರವಾಗಿದೆ, ಚಿತ್ರ ಮಾತ್ರ ಬರುತ್ತಿಲ್ಲ. ಆಗ ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್ ಮೂರನ್ನೂ ಹಿಡಿದು ಬಿ ಒತ್ತಿ. ಗ್ರಾಫಿಕ್ಸ್ ಡ್ರೈವರ್ ಮತ್ತೆ ಶುರುವಾಗುತ್ತದೆ. ಒಂದು ಬೀಪ್ ಕೇಳಿಸಿ ಪರದೆ ಮಿಣುಕಿ ಮರಳಬಹುದು. ಆಗದಿದ್ದರೆ ವಿಂಡೋಸ್ ಕೀ ಜೊತೆ ಪಿ ಒತ್ತಿ ನೋಡಿ. ಚಿತ್ರವೆಲ್ಲ ಹೊರ ಮಾನಿಟರ್‌ಗೆ ಹೋಗುವಂತೆ ಯಾವಾಗಲೋ ಆಯ್ಕೆ ಆಗಿರಬಹುದು.

ಕ್ಯಾಪ್ಸ್ ಲಾಕ್ ದೀಪ ಅಲುಗದಿದ್ದರೆ ಯಂತ್ರ ಸ್ತಬ್ಧವಾಗಿದೆ. ಪವರ್ ಬಟನ್ 10-15 ಸೆಕೆಂಡು ಹಿಡಿದು ಪೂರ್ತಿ ಆರಿಸಿ. ಮತ್ತೆ ಆನ್ ಮಾಡಿದಾಗ ಯಾವುದಾದರೂ ದೀಪ ಲೆಕ್ಕವಿಟ್ಟಂತೆ ಮಿಣುಕುತ್ತದೆಯೇ, ಬೀಪ್ ಸದ್ದು ಇದೆಯೇ ಗಮನಿಸಿ. ಮೂರು ಸಲ ಮಿಣುಕಿ ಬಿಡುವು, ಮತ್ತೆ ಮೂರು ಸಲ ಎಂಬಂಥ ಕ್ರಮ ಕಂಡರೆ ಎಣಿಸಿ ಬರೆದಿಡಿ, ಫೋನಿನಲ್ಲಿ ವಿಡಿಯೋ ಮಾಡಿ. ರ‍್ಯಾಮ್ ಸರಿಯಾಗಿ ಕೂತಿಲ್ಲವೋ, ಒಳಗಿನ ಮುಖ್ಯ ಬೋರ್ಡ್ (ಮದರ್‌ಬೋರ್ಡ್) ಕೆಟ್ಟಿದೆಯೋ ಎಂಬುದನ್ನು ಆ ಎಣಿಕೆಯೇ ಹೇಳುತ್ತದೆ. ಅರ್ಥ ತಯಾರಕರ ಕೈಪಿಡಿಯಲ್ಲಿರುತ್ತದೆ.

ಇನ್ನೊಂದು ಸೂಕ್ಷ್ಮ ಪರೀಕ್ಷೆ: ಕೋಣೆಯ ದೀಪ ಆರಿಸಿ, ಟಾರ್ಚ್ ಬೆಳಕನ್ನು ಕಪ್ಪು ಪರದೆಗೆ ಓರೆಯಾಗಿ, ಒಂದು ಗೇಣು ದೂರದಿಂದ ಹಿಡಿಯಿರಿ. ಬೆಳಕು ಬಿದ್ದಲ್ಲಿ ಲಾಗಿನ್ ಚಿತ್ರವೋ ಗಡಿಯಾರವೋ ನೆರಳಿನ ಹಾಗೆ ಕಂಡರೆ ಚಿತ್ರ ಬರುತ್ತಿದೆ, ಹಿಂಬದಿಯ ಬೆಳಕು ಮಾತ್ರ ಹೊತ್ತುತ್ತಿಲ್ಲ ಎಂದರ್ಥ. ಅದು ಬಿಡಿಭಾಗದ ದೋಷವೇ. ಓಎಲ್‌ಇಡಿ ಪರದೆಗಳಲ್ಲಿ ಹಿಂಬದಿ ಬೆಳಕೇ ಇಲ್ಲದಿರುವುದರಿಂದ ಅವುಗಳಿಗೆ ಈ ಪರೀಕ್ಷೆ ನಡೆಯದು.

ಸೆಟಪ್ ನಡುವೆ ವೈಫೈ ಪಟ್ಟಿಯೇ ಬರದಿದ್ದರೆ

ವಿಂಡೋಸ್ 11 ಸೆಟಪ್ ಇಂಟರ್‌ನೆಟ್ ಕೇಳುತ್ತದೆ. ಇಂಟರ್‌ನೆಟ್‌ಗೆ ವೈಫೈ ಡ್ರೈವರ್ ಬೇಕು. ಡ್ರೈವರ್ ಇಳಿಸಿಕೊಳ್ಳಲು ಇಂಟರ್‌ನೆಟ್ ಬೇಕು. ಈ ಗಂಟನ್ನು ಬಿಡಿಸಲು ಸುಲಭದ ದಾರಿ ಫೋನ್. ಆಂಡ್ರಾಯ್ಡ್ ಫೋನನ್ನು ಡೇಟಾ ಸಾಗಿಸುವ ಕೇಬಲ್‌ನಿಂದ ಲ್ಯಾಪ್‌ಟಾಪ್‌ಗೆ ಜೋಡಿಸಿ, ಫೋನಿನ ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಲ್ಯಾಪ್‌ಟಾಪ್‌ಗೆ ಅದು ತಂತಿಯ ಜಾಲದಂತೆ ಕಾಣುತ್ತದೆ, ವೈಫೈ ಡ್ರೈವರ್ ಬೇಕಾಗುವುದಿಲ್ಲ. ಟೆದರಿಂಗ್ ಆಯ್ಕೆ ಮಂಕಾಗಿದ್ದು ಒತ್ತಲು ಬರದಿದ್ದರೆ ಕೇಬಲ್ ಚಾರ್ಜಿಂಗ್‌ಗೆ ಮಾತ್ರ ಇರುವಂಥದ್ದು, ಬೇರೆಯದು ತನ್ನಿ.

ವೈಫೈ ಸಿಕ್ಕಿತು, ಆದರೆ ಯಾವ ಪುಟ ತೆರೆದರೂ ಸಂಪರ್ಕ ಸುರಕ್ಷಿತವಲ್ಲ ಎಂದು ಬಂದರೆ ಗಡಿಯಾರ ನೋಡಿ. ಬಹುಕಾಲ ಪೆಟ್ಟಿಗೆಯಲ್ಲಿದ್ದ ಯಂತ್ರದಲ್ಲಿ ದಿನಾಂಕ ಹಿಂದಕ್ಕೆ ಹೋಗಿರಬಹುದು. ಜಾಲತಾಣಗಳ ಪ್ರಮಾಣಪತ್ರಗಳಿಗೆ ಆರಂಭ ಮತ್ತು ಅಂತ್ಯದ ದಿನಾಂಕ ಇರುತ್ತದೆ. ಯಂತ್ರದ ದಿನಾಂಕ ಅದರ ಹೊರಗಿದ್ದರೆ ಎಲ್ಲವೂ ನಕಲಿಯಂತೆ ಕಾಣುತ್ತವೆ. ದಿನಾಂಕ, ವೇಳೆ, ಕಾಲವಲಯ ಮೂರನ್ನೂ ಸರಿಮಾಡಿ. ಪ್ರತಿ ಸಲ ಆರಿಸಿದಾಗಲೂ ದಿನಾಂಕ ತಪ್ಪಿದರೆ ಅದು ಸೆಟ್ಟಿಂಗ್ ಅಲ್ಲ, ಬೋರ್ಡ್ ಕಡೆಯ ದೋಷ.

48 ಅಂಕಿಗಳ ಕೀಲಿ: ಬೇರೆಲ್ಲಕ್ಕಿಂತ ಮೊದಲು ಇದನ್ನು ಬರೆದಿಡಿ

ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದಾಗ ಈಗಿನ ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಗೂಢಲಿಪೀಕರಣ ತಾನಾಗಿಯೇ ಚಾಲೂ ಆಗುತ್ತದೆ. ಒಳ್ಳೆಯದೇ, ಲ್ಯಾಪ್‌ಟಾಪ್ ಕಳುವಾದರೂ ಫೈಲ್‌ಗಳು ಬೇರೆಯವರ ಕೈಗೆ ಸಿಗುವುದಿಲ್ಲ. ತೊಂದರೆ ಬರುವುದು ಬಯೋಸ್ ಅಪ್‌ಡೇಟ್ ಆದ ಮೇಲೆ, ಸೆಕ್ಯೂರ್ ಬೂಟ್ ಅಥವಾ ಟಿಪಿಎಂ ಬದಲಾಯಿಸಿದ ಮೇಲೆ, ಇಲ್ಲವೇ ಬೋರ್ಡ್ ಬದಲಾದ ಮೇಲೆ. ಆಗ ನೀಲಿ ಪರದೆಯೊಂದು ಬಂದು ರಿಕವರಿ ಕೀಲಿ ಕೇಳುತ್ತದೆ. ಕೀಲಿ ಇಲ್ಲದಿದ್ದರೆ ಫೈಲ್‌ಗಳು ಹೋದವೆಂದೇ ಲೆಕ್ಕ. ಯಾವ ಸರ್ವಿಸ್ ಸೆಂಟರ್‌ನವರಿಗೂ ಅದನ್ನು ತೆರೆಯುವ ದಾರಿ ಇಲ್ಲ. ಮೊದಲ ವಾರದಲ್ಲಿ ಸರಿಪಡಿಸಲಾಗದ ನಷ್ಟ ಎಂದರೆ ಇದೊಂದೇ. ಅದಕ್ಕೇ ಇಷ್ಟು ಒತ್ತಿ ಹೇಳುವುದು.

ಸೆಟ್ಟಿಂಗ್ಸ್‌ನ ಪ್ರೈವಸಿ ಅಂಡ್ ಸೆಕ್ಯುರಿಟಿ ಭಾಗದಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ಆನ್ ಇದೆಯೇ ನೋಡಿ. ಆನ್ ಇದ್ದರೆ ಫೋನಿನಿಂದ ನಿಮ್ಮ ಮೈಕ್ರೋಸಾಫ್ಟ್ ಖಾತೆ ತೆರೆದು, ಡಿವೈಸಸ್ ಪುಟದಲ್ಲಿ ಈ ಲ್ಯಾಪ್‌ಟಾಪ್‌ನ ರಿಕವರಿ ಕೀಲಿ ಹುಡುಕಿ. ಆರು ಅಂಕಿಗಳ ಎಂಟು ಗುಂಪು, ಒಟ್ಟು 48. ಕಾಗದದಲ್ಲಿ ಬರೆದು ಲ್ಯಾಪ್‌ಟಾಪ್ ಚೀಲವಲ್ಲದ ಬೇರೆ ಕಡೆ ಇಡಿ. ಪ್ರತಿ ಗುಂಪನ್ನೂ 11ರಿಂದ ಭಾಗಿಸಿ ನೋಡಿ, ಶೇಷ ಉಳಿಯಬಾರದು. ಕೀಲಿಯನ್ನು ರಚಿಸಿರುವುದೇ ಹಾಗೆ. ಉಳಿದರೆ ಬರೆದುಕೊಳ್ಳುವಾಗ ಎಲ್ಲೋ ತಪ್ಪಿದ್ದೀರಿ. ಒಂದೇ ಖಾತೆಯಲ್ಲಿ ಹಲವು ಕೀಲಿಗಳಿದ್ದರೆ ನೀಲಿ ಪರದೆ ತೋರಿಸುವ ಕೀ ಐಡಿಯ ಮೊದಲ ಎಂಟು ಅಕ್ಷರಗಳನ್ನು ತಾಳೆ ನೋಡಬೇಕು, ಅದನ್ನೂ ಪಕ್ಕದಲ್ಲೇ ಬರೆದಿಡಿ.

ಬಿಸಿ, ಫ್ಯಾನ್ ಸದ್ದು, ನಿಧಾನ

ಮೊದಲ ಒಂದೆರಡು ದಿನ ಹೊಸ ಲ್ಯಾಪ್‌ಟಾಪ್ ನಿಧಾನವಾಗಿರುವುದು ಸಹಜ. ಅಪ್‌ಡೇಟ್‌ಗಳು ಇಳಿಯುತ್ತಿರುತ್ತವೆ, ವೈರಸ್ ತಪಾಸಣೆ ಡಿಸ್ಕ್ ಪೂರ್ತಿ ಓದುತ್ತಿರುತ್ತದೆ, ಹುಡುಕಾಟದ ಸೂಚಿ ತಯಾರಾಗುತ್ತಿರುತ್ತದೆ. ಚಾರ್ಜರ್‌ಗೆ ಹಾಕಿ, ಮುಚ್ಚಳ ತೆರೆದಿಟ್ಟು, ನಿದ್ರೆಗೆ ಹೋಗದಂತೆ ಮಾಡಿ ಎರಡು ಮೂರು ಗಂಟೆ ಬಿಟ್ಟುಬಿಡುವುದೇ ಇದಕ್ಕೆ ಮದ್ದು. ವಿಂಡೋಸ್ ಅಪ್‌ಡೇಟ್‌ನಲ್ಲಿ ಬಾಕಿ ಏನೂ ಇಲ್ಲ ಎಂದು ಬರುವವರೆಗೆ ರೀಸ್ಟಾರ್ಟ್ ಮಾಡುತ್ತಾ ಹೋಗಿ. ಮೂರು ನಾಲ್ಕು ಸುತ್ತು ಬೇಕಾಗಬಹುದು.

ಆಮೇಲೂ ಫ್ಯಾನ್ ಇಳಿಯದಿದ್ದರೆ ಟಾಸ್ಕ್ ಮ್ಯಾನೇಜರ್‌ನಲ್ಲಿ ಸಿಪಿಯು ಕಂಬಸಾಲಿನ ತಲೆಯನ್ನು ಒತ್ತಿ, ಹೆಚ್ಚು ಬಳಸುವುದು ಮೇಲೆ ಬರಲಿ. ಆಂಟಿಮಾಲ್‌ವೇರ್ ಸರ್ವಿಸ್, ವಿಂಡೋಸ್ ಮಾಡ್ಯೂಲ್ಸ್ ಇನ್‌ಸ್ಟಾಲರ್ ಇದ್ದರೆ ಇನ್ನೂ ಕಾಯಿರಿ. ಜೊತೆಗೆ ಬಂದ ಪರೀಕ್ಷಾರ್ಥ ಆಂಟಿವೈರಸ್ ಮೇಲಿದ್ದರೆ ತೆಗೆದುಹಾಕಿ. ವಿಂಡೋಸ್‌ನ ಸ್ವಂತ ರಕ್ಷಣೆ ತಾನಾಗಿ ಜಾಗ ತುಂಬುತ್ತದೆ. ಸಿಸ್ಟಮ್ ಇಂಟರಪ್ಟ್ಸ್ ಎಂಬುದು ಸುಮ್ಮನಿದ್ದಾಗಲೂ ಶೇ. 5-10 ದಾಟಿ ನಿಂತಿದ್ದರೆ ಮಾತ್ರ ಅದು ಬೇರೆ ಕಥೆ: ಯಾವುದೋ ಸಾಧನ ಅಥವಾ ಅದರ ಡ್ರೈವರ್ ಪ್ರೊಸೆಸರನ್ನು ಎಡೆಬಿಡದೆ ಕರೆಯುತ್ತಿದೆ. ಸಿಕ್ಕಿಸಿದ್ದನ್ನೆಲ್ಲ ಒಂದೊಂದಾಗಿ ಕಳಚಿ ನೋಡಿ.

ಭಾರೀ ಕೆಲಸದಲ್ಲಿ ಪ್ರೊಸೆಸರ್ ಕ್ಷಣಕಾಲ 90 ಡಿಗ್ರಿ ಸೆಲ್ಸಿಯಸ್ ದಾಟುವುದು ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಗಾಬರಿಪಡುವ ಸಂಗತಿಯಲ್ಲ. ಏನೂ ಓಡದೆ ಇದ್ದಾಗಲೂ 80ರ ಮೇಲೇ ನಿಂತಿದ್ದು, ತಳದ ಗಾಳಿ ಕಿಂಡಿಗಳು ತೆರೆದೇ ಇದ್ದು, ಫ್ಯಾನ್ ಸದ್ದೇ ಕೇಳಿಸದಿದ್ದರೆ ಫ್ಯಾನ್ ತಿರುಗುತ್ತಿಲ್ಲವೆಂದೇ ಅನುಮಾನಿಸಬೇಕು. ಫ್ಯಾನೇ ಇಲ್ಲದ ಮಾದರಿಗಳೂ ಇವೆ, ನಿಮ್ಮದು ಯಾವುದೆಂದು ಮೊದಲು ತಿಳಿದುಕೊಳ್ಳಿ. ಫ್ಯಾನ್‌ನಿಂದ ಟಕಟಕ ಎಂದು ಉಜ್ಜುವ ಸದ್ದು ಬಂದರೆ ದೋಷ. ಸೊಳ್ಳೆ ಗುಂಯ್‌ಗುಟ್ಟುವಂಥ ಸಣ್ಣ ಕೀರಲು ಸದ್ದು ಪ್ರೊಸೆಸರ್ ಭಾರ ಹೆಚ್ಚಾದಾಗ ಮಾತ್ರ ಬರುತ್ತಿದ್ದರೆ ಅದು ಬೋರ್ಡ್ ಮೇಲಿನ ತಂತಿ ಸುರುಳಿಗಳ ಕಂಪನ. ಕಿರಿಕಿರಿಯೇ ಹೊರತು ಹಾನಿಯಿಲ್ಲ.

ಬ್ಯಾಟರಿ

ಶೇ. 80ಕ್ಕೆ ನಿಲ್ಲುವುದು ಬ್ಯಾಟರಿಯ ಆಯಸ್ಸು ಕಾಯುವ ಸೆಟ್ಟಿಂಗ್. ತಯಾರಕರು ಕೊಟ್ಟ ಆ್ಯಪ್‌ನಲ್ಲಿ ಅಥವಾ ಬಯೋಸ್‌ನಲ್ಲಿ ಇರುತ್ತದೆ. ದಿನವಿಡೀ ಚಾರ್ಜರ್‌ನಲ್ಲೇ ಇಡುವವರು ಅದನ್ನು ಹಾಗೇ ಬಿಡುವುದು ಒಳ್ಳೆಯದು.

ಬ್ಯಾಟರಿ ಬೇಗ ಖಾಲಿ ಎನಿಸಿದರೆ ಊಹೆ ಬಿಟ್ಟು ವರದಿ ತೆಗೆಯಿರಿ. ಟರ್ಮಿನಲ್ (ಆಜ್ಞೆಗಳನ್ನು ಬರೆಯುವ ಕಿಟಕಿ) ತೆರೆದು, ಇಂಗ್ಲಿಷ್ ಅಕ್ಷರಗಳಲ್ಲಿ ಪವರ್‌ಸಿಎಫ್‌ಜಿ ಎಂದು ಬರೆದು, ಜಾಗ ಬಿಟ್ಟು, ಮುಂದಕ್ಕೆ ಓರೆಯಾದ ಗೆರೆ ಹಾಕಿ, ಅದಕ್ಕೆ ತಾಗಿಸಿ ಬ್ಯಾಟರಿರಿಪೋರ್ಟ್ ಎಂದು ಒಂದೇ ಪದವಾಗಿ ಬರೆದು ಎಂಟರ್ ಒತ್ತಿ. ಫೈಲ್ ಎಲ್ಲಿ ಉಳಿದಿದೆ ಎಂಬ ವಿಳಾಸವನ್ನು ಅದೇ ತೋರಿಸುತ್ತದೆ. ಬ್ರೌಸರ್‌ನಲ್ಲಿ ತೆರೆದರೆ ಡಿಸೈನ್ ಕೆಪಾಸಿಟಿ, ಫುಲ್ ಚಾರ್ಜ್ ಕೆಪಾಸಿಟಿ ಎಂಬ ಎರಡು ಸಂಖ್ಯೆಗಳಿವೆ. ಹೊಸದರಲ್ಲಿ ಇವೆರಡೂ ಹತ್ತಿರ ಹತ್ತಿರ ಇರಬೇಕು. ಒಂದು ಸಲ ಶೇ. 10ಕ್ಕಿಂತ ಕೆಳಗೆ ಇಳಿಸಿ, 80ರ ಮಿತಿ ತೆಗೆದು ಪೂರ್ತಿ ತುಂಬಿಸಿ, ಮತ್ತೆ ವರದಿ ತೆಗೆಯಿರಿ. ಆಗಲೂ ಎರಡನೆಯದು ಮೊದಲನೆಯದಕ್ಕಿಂತ ಶೇ. 10ನ್ನೂ ಮೀರಿ ಕಡಿಮೆ ಇದ್ದರೆ ಬದಲಾವಣೆ ಕೇಳಲು ಅದೇ ಆಧಾರ. ಸೈಕಲ್ ಕೌಂಟ್ (ಪೂರ್ತಿ ಚಾರ್ಜಿನಷ್ಟು ಬಳಕೆ ಎಷ್ಟು ಸಲ ಆಗಿದೆ ಎಂಬ ಲೆಕ್ಕ) ಹತ್ತಾರು ಇದ್ದರೆ ಯಂತ್ರ ಮೊದಲೇ ಬಳಕೆಯಾಗಿದೆಯೇ ಎಂದು ಕೇಳುವ ಹಕ್ಕು ನಿಮಗಿದೆ.

ಸಂಖ್ಯೆಗಳು ಸರಿಯಿದ್ದು ಸಮಯ ಮಾತ್ರ ಕಡಿಮೆ ಬರುತ್ತಿದ್ದರೆ ಲೆಕ್ಕ ಸರಳ. 50 ವ್ಯಾಟ್-ಗಂಟೆ ಬ್ಯಾಟರಿಯಿಂದ ಯಂತ್ರ ಸರಾಸರಿ 8 ವ್ಯಾಟ್ ಎಳೆದರೆ ಆರು ಗಂಟೆ ದಾಟುತ್ತದೆ. 20 ವ್ಯಾಟ್ ಎಳೆದರೆ ಎರಡೂವರೆ ಗಂಟೆ. ಪರದೆಯ ಬೆಳಕು, ರಿಫ್ರೆಶ್ ದರ (ಸೆಕೆಂಡಿಗೆ ಎಷ್ಟು ಸಲ ಚಿತ್ರ ಹೊಸದಾಗುತ್ತದೆ ಎಂಬುದು), ಪ್ರತ್ಯೇಕ ಗ್ರಾಫಿಕ್ಸ್ ಚಿಪ್ ಇವೇ ಮುಖ್ಯ ಹೀರುಕರು. 120 ಹರ್ಟ್ಸ್ ಪರದೆಯನ್ನು ಬ್ಯಾಟರಿಯಲ್ಲಿರುವಾಗ 60ಕ್ಕೆ ಇಳಿಸಿ ವ್ಯತ್ಯಾಸ ನೋಡಿ.

ಮುಚ್ಚಳ ಮುಚ್ಚಿ ಚೀಲದಲ್ಲಿಟ್ಟ ಲ್ಯಾಪ್‌ಟಾಪ್ ಬಿಸಿಯಾಗಿ, ಬ್ಯಾಟರಿ ಇಳಿದು ಸಿಗುವುದು ಬೇರೆ ಸಮಸ್ಯೆ. ಈಗಿನ ಹಲವು ಯಂತ್ರಗಳ ನಿದ್ರೆ ಫೋನಿನ ನಿದ್ರೆಯ ಹಾಗೆ: ಪರದೆ ಆರಿದ್ದರೂ ಒಳಗೆ ಆಗಾಗ ಎಚ್ಚರವಾಗಿ ಮೇಲ್, ಅಪ್‌ಡೇಟ್ ನೋಡುತ್ತಿರುತ್ತದೆ. ಚೀಲಕ್ಕೆ ಹಾಕುವ ಮುನ್ನ ಹೈಬರ್ನೇಟ್ ಮಾಡಿ, ಅಂದರೆ ತೆರೆದಿದ್ದೆಲ್ಲವನ್ನೂ ಡಿಸ್ಕ್‌ಗೆ ಬರೆದಿಟ್ಟು ಯಂತ್ರ ಆರುವ ಸ್ಥಿತಿ. ಮುಚ್ಚಳ ಮುಚ್ಚಿದಾಗಲೇ ಹೈಬರ್ನೇಟ್ ಆಗುವಂತೆಯೂ ಪವರ್ ಆಯ್ಕೆಗಳಲ್ಲಿ ಹೊಂದಿಸಬಹುದು.

512 ಜಿಬಿ ಕೊಂಡರೆ 476 ತೋರಿಸುತ್ತದೆ

ಮೋಸವಲ್ಲ. ತಯಾರಕರ ಒಂದು ಜಿಬಿ ಎಂದರೆ ನೂರು ಕೋಟಿ ಬೈಟ್. ವಿಂಡೋಸ್ ಎಣಿಸುವ ಜಿಬಿ 107 ಕೋಟಿ ಚಿಲ್ಲರೆ. 1 ಟಿಬಿ ಅದೇ ಲೆಕ್ಕದಲ್ಲಿ 931 ಆಗುತ್ತದೆ. ರಿಕವರಿ ಭಾಗಗಳು ಇದರಲ್ಲೇ ಒಂದಿಷ್ಟು ತಿನ್ನುತ್ತವೆ. 16 ಜಿಬಿ ರ‍್ಯಾಮ್‌ನಲ್ಲಿ ಬಳಕೆಗೆ 15.7 ಅಥವಾ ಅದಕ್ಕೂ ಕಡಿಮೆ ಎಂದು ಬರುವುದು ಒಳಗಿನ ಗ್ರಾಫಿಕ್ಸ್ ತನ್ನ ಪಾಲು ತೆಗೆದಿಡುವುದರಿಂದ.

ಕೀಬೋರ್ಡ್ ಮತ್ತು ಟಚ್‌ಪ್ಯಾಡ್

ಪಾಸ್‌ವರ್ಡ್ ಸರಿಯಾಗಿ ಹೊಡೆದರೂ ತಪ್ಪು ಎನ್ನುತ್ತದೆಯೇ? ಕನ್ನಡ ಕೀಲಿಮಣೆ ಸೇರಿಸಿದ ಮೇಲೆ ಇದು ಮಾಮೂಲು. ಲಾಗಿನ್ ಪರದೆಯ ಬಲ ಕೆಳಮೂಲೆಯಲ್ಲಿ ಭಾಷೆಯ ಗುರುತು ನೋಡಿ, ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿ ಇಂಗ್ಲಿಷ್‌ಗೆ ಬನ್ನಿ. ಪಾಸ್‌ವರ್ಡ್ ಪೆಟ್ಟಿಗೆಯಲ್ಲಿನ ಕಣ್ಣಿನ ಚಿತ್ರ ಒತ್ತಿ ಹಿಡಿದರೆ ಏನು ಬೀಳುತ್ತಿದೆ ಎಂದು ಕಾಣುತ್ತದೆ. ಅಟ್ ಚಿಹ್ನೆಯ ಜಾಗದಲ್ಲಿ ಉದ್ಧರಣ ಚಿಹ್ನೆ ಬಂದರೆ ಅಮೆರಿಕದ ವಿನ್ಯಾಸದ ಬದಲು ಬ್ರಿಟನ್ನಿನ ವಿನ್ಯಾಸ ಆಯ್ಕೆಯಾಗಿದೆ. ಎಫ್ ಸಾಲಿನ ಕೀಗಳು ಸದ್ದು, ಬೆಳಕು ಮಾತ್ರ ಬದಲಾಯಿಸುತ್ತಿದ್ದರೆ ಎಫ್‌ಎನ್ ಜೊತೆ ಎಸ್ಕೇಪ್ ಒತ್ತಿ ನೋಡಿ.

ಟಚ್‌ಪ್ಯಾಡ್ ಪೂರ್ತಿ ಸತ್ತಂತಿದ್ದರೆ ಅದನ್ನು ಬಂದ್ ಮಾಡುವ ಎಫ್ ಕೀ ಅಕಸ್ಮಾತ್ ಒತ್ತಿರಬಹುದು. ಮೌಸ್ ಜೋಡಿಸಿದಾಗ ಟಚ್‌ಪ್ಯಾಡ್ ಬಂದ್ ಆಗುವ ಸೆಟ್ಟಿಂಗ್ ಕೂಡ ಇದೆ. ಯಂತ್ರದ ಭಾಗಗಳನ್ನೆಲ್ಲ ಪಟ್ಟಿ ಮಾಡುವ ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತಿದ್ದರೆ ಅದರ ಮೇಲೆ ಎರಡು ಸಲ ಒತ್ತಿ ಕೋಡ್ ಓದಿ. 28 ಎಂದರೆ ಡ್ರೈವರ್ ಇಲ್ಲ, ತಯಾರಕರ ತಾಣದಿಂದ ಹಾಕಿ. 10 ಎಂದರೆ ಸಾಧನ ಶುರುವಾಗಲಿಲ್ಲ. 43 ಎಂದರೆ ಸಾಧನವೇ ತೊಂದರೆ ಇದೆಯೆಂದು ಹೇಳಿದ್ದರಿಂದ ವಿಂಡೋಸ್ ಅದನ್ನು ನಿಲ್ಲಿಸಿದೆ. ಹೊಸ ಡ್ರೈವರ್ ಹಾಕಿದ ಮೇಲೂ ಇದೇ ಬಂದರೆ ಬಿಡಿಭಾಗದ ಕಡೆ ಬೆರಳು ತೋರಿಸುತ್ತದೆ.

ಚಾರ್ಜರ್ ಹಾಕಿದಾಗ ಮಾತ್ರ ಬಾಣ ಅತ್ತಿತ್ತ ಜಿಗಿಯುತ್ತದೆ, ಲೋಹದ ಮೈ ಸವರಿದರೆ ಬೆರಳಿಗೆ ಜುಮ್ಮೆನ್ನುತ್ತದೆ: ಇವೆರಡಕ್ಕೂ ಮೂಲ ಒಂದೇ ಆಗಿರಬಹುದು. ಚಾರ್ಜರ್ ಒಳಗಿನ ಸೋಸು ಕೆಪಾಸಿಟರ್‌ನಿಂದ ಅತಿ ಸಣ್ಣ ಸೋರಿಕೆ ಕರೆಂಟ್ ಮೈಗೆ ಬರುತ್ತದೆ. ಅರ್ತಿಂಗ್ ಇದ್ದರೆ ಅದು ನೆಲಕ್ಕೆ ಇಳಿದುಹೋಗುತ್ತದೆ. ಎರಡು ಪಿನ್ ಪ್ಲಗ್ ಇದ್ದಲ್ಲಿ, ಅಥವಾ ಮೂರು ಪಿನ್ ಇದ್ದೂ ಸಾಕೆಟ್‌ಗೆ ಅರ್ತಿಂಗ್ ಇಲ್ಲದಲ್ಲಿ, ಇಳಿಯಲು ದಾರಿಯಿಲ್ಲ. ಅರ್ತಿಂಗ್ ಸರಿಯಿರುವ ಬೇರೆ ಸಾಕೆಟ್‌ನಲ್ಲಿ ಮೂರು ಪಿನ್ ಪ್ಲಗ್ ಹಾಕಿ ನೋಡಿ. ಜುಮ್ಮೆನ್ನುವುದು ಬಿಟ್ಟು ಚುರುಕ್ಕೆಂದು ಹೊಡೆದರೆ ಆ ಚಾರ್ಜರನ್ನು ಮತ್ತೆ ಮುಟ್ಟಬೇಡಿ.

ಪರದೆ, ಹೊರ ಮಾನಿಟರ್, ವೈಫೈ

ಪೂರ್ತಿ ಕಪ್ಪು, ಬಿಳಿ, ಕೆಂಪು, ಹಸಿರು, ನೀಲಿ ಐದು ಚಿತ್ರಗಳನ್ನು ಪರದೆ ತುಂಬ ತೆರೆದು ಒಂದೊಂದನ್ನೂ ಅಂಚಿನಿಂದ ಅಂಚಿಗೆ ನೋಡಿ. ಎಲ್ಲ ಬಣ್ಣದಲ್ಲೂ ಕಪ್ಪಾಗೇ ಉಳಿಯುವ ಚುಕ್ಕೆ ಸತ್ತ ಪಿಕ್ಸೆಲ್. ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಹೋಗುವುದು ಧೂಳು, ಅದನ್ನು ಮೊದಲು ಖಚಿತ ಮಾಡಿಕೊಳ್ಳಿ. ಪುಟ ಬದಲಾದಂತೆ ಬೆಳಕು ತಾನಾಗಿ ಏರಿಳಿಯುವುದು ದೋಷವಲ್ಲ. ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ವಿಷಯಕ್ಕೆ ತಕ್ಕಂತೆ ಬೆಳಕು ಬದಲಿಸುವ ಆಯ್ಕೆಯನ್ನು ತೆಗೆಯಿರಿ.

ಟೈಪ್-ಸಿ ಮೂಲಕ ಹೊರ ಮಾನಿಟರ್‌ಗೆ ಚಿತ್ರ ಬರದಿದ್ದರೆ ಆ ಪೋರ್ಟ್ ಚಿತ್ರ ಸಾಗಿಸುತ್ತದೆಯೇ ಎಂದು ಕೈಪಿಡಿಯಲ್ಲಿ ನೋಡಿ. ಡೇಟಾಗೆ ಮಾತ್ರ ಇರುವ ಟೈಪ್-ಸಿ ಪೋರ್ಟ್‌ಗಳೂ ಇವೆ. 4ಕೆ ಮಾನಿಟರ್‌ನಲ್ಲಿ ಮೌಸ್ ಬಾಣ ತಡವರಿಸಿದರೆ ಅದು 30 ಹರ್ಟ್ಸ್‌ನಲ್ಲಿ ಓಡುತ್ತಿರಬಹುದು, 4ಕೆಯಲ್ಲಿ ಎಚ್‌ಡಿಎಂಐ 1.4 ಪೋರ್ಟಿನ ಮಿತಿಯೇ ಅಷ್ಟು.

ವೈಫೈ ನಿಧಾನವಿದ್ದರೆ ನೆಟ್‌ವರ್ಕ್ ವಿವರಗಳಲ್ಲಿ ಲಿಂಕ್ ವೇಗ ನೋಡಿ. 72 ಅಥವಾ 144 ಎಂಬಿಪಿಎಸ್ ಇದ್ದರೆ 2.4 ಗಿಗಾಹರ್ಟ್ಸ್ ಜಾಲಕ್ಕೆ ಅಂಟಿಕೊಂಡಿದೆ. ರೂಟರ್ ಹತ್ತಿರವಿದ್ದರೆ 5 ಗಿಗಾಹರ್ಟ್ಸ್ ಆರಿಸಿ. ವೈರ್‌ಲೆಸ್ ಮೌಸ್ ತಡೆತಡೆದು ಓಡಿದರೆ ಅದರ ರಿಸೀವರ್ ಪಕ್ಕದಲ್ಲೇ ಯುಎಸ್‌ಬಿ 3 ಡಿಸ್ಕ್ ಇದೆಯೇ ನೋಡಿ. ಯುಎಸ್‌ಬಿ 3 ಹೊಮ್ಮಿಸುವ ಗದ್ದಲ 2.4 ಗಿಗಾಹರ್ಟ್ಸ್‌ನಲ್ಲೇ ಬೀಳುತ್ತದೆ. ರಿಸೀವರನ್ನು ಇನ್ನೊಂದು ಬದಿಗೆ ಹಾಕಿದರೆ ಸಾಕು.

ಪ್ರೋಗ್ರಾಮ್ ಇನ್‌ಸ್ಟಾಲ್ ಆಗದಿದ್ದರೆ

ಸೆಟ್ಟಿಂಗ್ಸ್‌ನ ಅಬೌಟ್ ಪುಟ ತೆರೆಯಿರಿ. ವಿಂಡೋಸ್ ಹೆಸರಿನ ಜೊತೆ ಎಸ್ ಮೋಡ್ ಎಂದಿದ್ದರೆ ಸ್ಟೋರ್‌ನಲ್ಲಿರುವ ಆ್ಯಪ್‌ಗಳು ಮಾತ್ರ ಬರುತ್ತವೆ. ಉಚಿತವಾಗಿ ಹೊರಬರಬಹುದು, ಆದರೆ ಮರಳಿ ಹೋಗಲಾಗದು. ಸಿಸ್ಟಮ್ ಟೈಪ್‌ನಲ್ಲಿ ಆರ್ಮ್ ಪ್ರೊಸೆಸರ್ (ಇಂಟೆಲ್, ಎಎಂಡಿಗಳಿಗಿಂತ ಬೇರೆ ಬಗೆಯದು) ಎಂದಿದ್ದರೆ ಬಹುಪಾಲು ಪ್ರೋಗ್ರಾಮ್‌ಗಳು ಅನುಕರಣೆಯ ಮೂಲಕ ಓಡುತ್ತವೆ, ಆದರೆ ಹಳೆಯ ಪ್ರಿಂಟರ್, ಸ್ಕ್ಯಾನರ್‌ಗಳ ಡ್ರೈವರ್ ಓಡದು. ಎಷ್ಟು ಸಲ ಪ್ರಯತ್ನಿಸಿದರೂ ಅದು ಬದಲಾಗುವುದಿಲ್ಲ.

ನೀಲಿ (ಈಗ ಕಪ್ಪು) ದೋಷ ಪರದೆ, ದಿಢೀರ್ ರೀಸ್ಟಾರ್ಟ್

ಒಮ್ಮೆ ಬಂದರೆ ಆ ಪರದೆಯಲ್ಲಿ ಕಾಣುವ ಸ್ಟಾಪ್ ಕೋಡ್ (ದೋಷದ ಹೆಸರು) ಬರೆದಿಟ್ಟು, ಅಪ್‌ಡೇಟ್ ಮುಗಿಸಿ, ಕಾದು ನೋಡಿ. ಮತ್ತೆ ಬಂದಾಗ ಅದೇ ಕೋಡ್ ಇದ್ದರೆ ಒಂದು ಡ್ರೈವರ್ ಮೇಲೆ ಅನುಮಾನ. ಪ್ರತಿ ಸಲ ಬೇರೆ ಬೇರೆ ಕೋಡ್ ಬಂದರೆ ರ‍್ಯಾಮ್ ಮೇಲೆ. ಸ್ಟಾರ್ಟ್ ಮೆನುವಿನಲ್ಲಿ ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್ ಹುಡುಕಿ ಓಡಿಸಿ. ಪರೀಕ್ಷೆ ಶುರುವಾದ ಮೇಲೆ ಎಫ್1 ಒತ್ತಿ ಎಕ್ಸ್‌ಟೆಂಡೆಡ್ ಆರಿಸಿ ರಾತ್ರಿಯಿಡೀ ಬಿಡಿ. ಸಿಕ್ಕ ತಪ್ಪು ಒಂದೇ ಆದರೂ ರ‍್ಯಾಮ್ ಕೆಟ್ಟಿದೆ ಎಂದೇ ತಿಳಿಯಿರಿ. ರ‍್ಯಾಮ್ ವಿಷಯದಲ್ಲಿ ಒಂದು ತಪ್ಪು ಪರವಾಗಿಲ್ಲ ಎಂಬ ಮಾತಿಲ್ಲ, ಅದು ಫೈಲ್‌ಗಳನ್ನು ಸದ್ದಿಲ್ಲದೆ ಕೆಡಿಸುತ್ತದೆ.

ಸರ್ವಿಸ್‌ಗೆ ಒಯ್ಯುವ ಮುನ್ನ

ದೋಷ ಕಾಣಿಸುವ ಕ್ಷಣದ ವಿಡಿಯೋ ಅತ್ಯಂತ ಬಲವಾದ ಸಾಕ್ಷಿ. ಪರದೆಯ ಜೊತೆ ಸೀರಿಯಲ್ ಸಂಖ್ಯೆಯೂ ಒಂದೇ ಚಿತ್ರೀಕರಣದಲ್ಲಿ, ನಡುವೆ ಕತ್ತರಿಸದೆ ಬರಲಿ. ಬಯೋಸ್‌ನಲ್ಲೂ ದೋಷ ಕಾಣುತ್ತಿದ್ದರೆ ಅಲ್ಲಿಯದನ್ನೇ ತೋರಿಸಿ. "ವಿಂಡೋಸ್ ಮತ್ತೆ ಹಾಕಿ ನೋಡಿ" ಎಂಬ ಸಲಹೆಗೆ ಅದರ ಮುಂದೆ ಜಾಗವಿಲ್ಲ. ಬ್ಯಾಟರಿ ವರದಿ, ಸ್ಟಾಪ್ ಕೋಡ್, ದೀಪ ಮಿಣುಕಿದ ಎಣಿಕೆ, ಎಷ್ಟು ಸಲ ಯಾವ ಸಂದರ್ಭದಲ್ಲಿ ಆಯಿತು ಎಂಬ ನಾಲ್ಕು ಸಾಲು ಕಾಗದದಲ್ಲಿ ಕೊಡಿ. ಫೈಲ್‌ಗಳ ನಕಲನ್ನು ಹೊರ ಡಿಸ್ಕ್‌ಗೆ ತೆಗೆದು ಅಲ್ಲಿಂದ ತೆರೆದು ಪರೀಕ್ಷಿಸಿ. ಬೋರ್ಡ್ ಬದಲಾಯಿಸಿ ಕೊಟ್ಟರೆ ಮೊದಲ ಸಲ ಆನ್ ಮಾಡಿದಾಗ ಆ 48 ಅಂಕಿಗಳನ್ನು ಕೇಳಬಹುದು, ಬರೆದಿಟ್ಟ ಕಾಗದ ಕೈಗೆ ಸಿಗುವಲ್ಲಿರಲಿ.